ಹಾಲಿವುಡ್ಡೋ ಹೊರಗಿನ ಸಿನಿಮಾವೋ: ಮೂರು ವೃದ್ಧ ದಂಪತಿಗಳ ಸಾಕ್ಷ್ಯ

ಸಿನಿಮಾವನ್ನು ಮನಸ್ಸಿಟ್ಟು ನೋಡುವ ನಾಲ್ಕು ಜನ ಒಂದೆಡೆ ಸೇರಿದರೆ, ಎರಡನೆಯ ಲೋಟ ಕಾಫಿ ಬರುವಷ್ಟರಲ್ಲಿ ಒಂದು ವಾದ ಹುಟ್ಟಿಯೇ ತೀರುತ್ತದೆ. ಹಾಲಿವುಡ್ ದೊಡ್ಡದೋ, ಹಾಲಿವುಡ್ಡಿನ ಆಚೆಗಿರುವ ಜಪಾನ್, ಇಟಲಿ, ಫ್ರಾನ್ಸ್, ಇರಾನುಗಳ ಸಿನಿಮಾ ದೊಡ್ಡದೋ? ನಮ್ಮ ಗೆಳೆಯರ ಗುಂಪಿನಲ್ಲಿ ಈ ವಾದಕ್ಕೆ ಬಹಳ ವಯಸ್ಸಾಗಿದೆ, ಆದರೆ ಸುಸ್ತಾಗಿಲ್ಲ. ಹಾಲಿವುಡ್ ಪಕ್ಷದ ಗೆಳೆಯ ‘ಆನ್ ದಿ ವಾಟರ್‌ಫ್ರಂಟ್’ ಚಿತ್ರದಲ್ಲಿ ಮಾರ್ಲನ್ ಬ್ರ್ಯಾಂಡೊ, ಈವಾ ಮೇರಿ ಸೇಂಟ್ ಬೀಳಿಸಿದ ಕೈಗವಸನ್ನು ಎತ್ತಿಕೊಂಡು, ಮಾತನಾಡುತ್ತಲೇ ಅದನ್ನು ತನ್ನ ಕೈಗೆ ತೊಡಿಸಿಕೊಳ್ಳುವ ಆ ಒಂದು ಕ್ಷಣವನ್ನು ಮುಂದಿಟ್ಟು, ಇದನ್ನು ಮೀರಿಸುವ ಅಭಿನಯ ಇದ್ದರೆ ತೋರಿಸಿ ಎನ್ನುತ್ತಾನೆ. ಎದುರು ಪಕ್ಷದ ಗೆಳತಿ ಕಾರ್ಲ್ ಡ್ರೇಯರ್ 1928ರಲ್ಲಿ ತೆಗೆದ ಮೂಕಿಚಿತ್ರದಲ್ಲಿ ಜೋನ್ ಆಫ್ ಆರ್ಕ್ ಆಗಿ ನಟಿಸಿದ ಫಾಲ್ಕೊನೆಟ್ಟಿಯ ಮುಖವನ್ನು ನೆನಪಿಸುತ್ತಾಳೆ. ಮೂರನೆಯ ಸುತ್ತಿಗೆ ಬರುವ ಹೊತ್ತಿಗೆ ಯಾರೂ ವಾದಿಸುತ್ತಿರುವುದಿಲ್ಲ. ಇಬ್ಬರೂ ಹೆಸರುಗಳನ್ನು ಪಠಿಸುತ್ತಿರುತ್ತಾರೆ.

ಹೀಗೆ ಹೆಸರಿಗೆ ಹೆಸರು ಎಸೆಯುವುದನ್ನು ಬಿಟ್ಟು, ಒಂದೇ ಕಥೆಯನ್ನು ಎರಡೂ ಕಡೆಯವರು ಹೇಗೆ ಹೇಳಿದ್ದಾರೆಂದು ನೋಡಿದರೆ ವಾದಕ್ಕೆ ಏನಾದರೂ ತಳ ಸಿಗಬಹುದು ಎಂಬುದು ನನ್ನ ನಂಬಿಕೆ. ಅಂಥ ಒಂದು ಕಥೆ ಇದೆ. ವಯಸ್ಸಾದ ಗಂಡ ಹೆಂಡತಿ, ಬೆಳೆದು ತಮ್ಮ ತಮ್ಮ ಸಂಸಾರಗಳಲ್ಲಿ ಮುಳುಗಿರುವ ಮಕ್ಕಳು, ಆ ಮಕ್ಕಳ ಮನೆಗಳಲ್ಲಿ ಇವರಿಬ್ಬರಿಗೆ ಇಲ್ಲದ ಜಾಗ. ಇದನ್ನು ಹಾಲಿವುಡ್ಡಿನಲ್ಲಿ ಲಿಯೊ ಮೆಕ್ಯಾರಿ 1937ರಲ್ಲಿ ‘ಮೇಕ್ ವೇ ಫಾರ್ ಟುಮಾರೊ’ ಎಂಬ ಹೆಸರಿನಲ್ಲಿ ತೆಗೆದರು. ಜಪಾನಿನಲ್ಲಿ ಯಸುಜಿರೊ ಒಜು 1953ರಲ್ಲಿ ‘ಟೋಕಿಯೋ ಸ್ಟೋರಿ’ ತೆಗೆದರು. ಕನ್ನಡದಲ್ಲಿ ಬಿ. ಆರ್. ಪಂತುಲು 1958ರಲ್ಲಿ ‘ಸ್ಕೂಲ್ ಮಾಸ್ಟರ್’ ತೆಗೆದರು. ಮೊದಲಿನ ಎರಡರ ನಡುವೆ ನೇರವಾದ ನಂಟಿದೆ: ಒಜು ಜೊತೆ ಕೂತು ಚಿತ್ರಕಥೆ ಬರೆದ ಕೊಗೊ ನೋದಾ ಅವರು ಮೆಕ್ಯಾರಿಯ ಚಿತ್ರವನ್ನು ನೋಡಿದ್ದರು. ಮೂರನೆಯದನ್ನು ನಾನು ಸಾಲಿಗೆ ಸೇರಿಸುತ್ತಿರುವುದು ನಂಟಿಗಾಗಿ ಅಲ್ಲ, ಈ ವಾದದಲ್ಲಿ ನಾವು ನಮ್ಮದೇ ಮನೆಯ ಚಿತ್ರವನ್ನು ಸಾಕ್ಷಿಗೆ ಕರೆಯುವುದನ್ನೇ ಮರೆಯುತ್ತೇವೆ ಎಂಬ ಕಾರಣಕ್ಕೆ.

ಚಿತ್ರಗಳಿಗೆ ಹೋಗುವ ಮೊದಲು ಹಾಲಿವುಡ್ಡಿಗೂ ಹೊರಗಿನ ಸಿನಿಮಾಕ್ಕೂ ನಡುವೆ ಇರುವ ಬೇಲಿಯ ಬಗ್ಗೆ ಎರಡು ಮಾತು ಹೇಳಬೇಕು. ಆಸ್ಕರ್ ಪ್ರಶಸ್ತಿ ಕೊಡುವ ಅಮೆರಿಕದ ಅಕಾಡೆಮಿ 1956ರ ಚಿತ್ರಗಳಿಂದ ಮೊದಲ್ಗೊಂಡು ವಿದೇಶಿ ಭಾಷೆಯ ಚಿತ್ರಗಳಿಗೆ ಪ್ರತ್ಯೇಕ ಸ್ಪರ್ಧೆಯನ್ನೇ ಇಟ್ಟಿತು. ಫೆಲಿನಿಯ ‘ಲಾ ಸ್ತ್ರಾದಾ’ ಅದನ್ನು ಮೊದಲು ಗೆದ್ದಿತು. ಇಂಗ್ಲಿಷ್ ಅಲ್ಲದ ಚಿತ್ರವೊಂದು ಆ ಬೇಲಿಯನ್ನು ದಾಟಿ ಅತ್ಯುತ್ತಮ ಚಿತ್ರವೆಂಬ ಮುಖ್ಯ ಆಸ್ಕರನ್ನೇ ಪಡೆಯಲು 2020ರಲ್ಲಿ ಬಾಂಗ್ ಜೂನ್-ಹೊ ಅವರ ‘ಪ್ಯಾರಸೈಟ್’ ಬರಬೇಕಾಯಿತು. ಅಮೆರಿಕದ ಪ್ರೇಕ್ಷಕರಿಗೆ ಈ ವಿಂಗಡಣೆ ಸಹಜವಿರಬಹುದು. ನಮಗೆ ನ್ಯೂಯಾರ್ಕೂ ಟೋಕಿಯೋವೂ ಒಂದೇ ದೂರದವು. ಬೆಂಗಳೂರಿನ ಪ್ಲಾಜಾ, ರೆಕ್ಸ್‌ಗಳಲ್ಲಿ ಇಂಗ್ಲಿಷ್ ಪಿಕ್ಚರ್ ನೋಡಿ ಬೆಳೆದ ತಲೆಮಾರಿಗೆ ಹಾಲಿವುಡ್ ಹತ್ತಿರವೆನಿಸಿದ್ದರೆ ಅದಕ್ಕೆ ಕಾರಣ ವಿತರಣೆಯೇ ಹೊರತು ಮನೆಯ ಸ್ವಭಾವವಲ್ಲ. ಮಗನ ಮನೆಯಲ್ಲಿ ತನ್ನ ಹಾಸಿಗೆ ಎಲ್ಲಿ ಬೀಳುತ್ತದೆಂದು ತಿಳಿಯದೆ ನಿಂತ ತಾಯಿ ಯಾವ ದೇಶದವಳಾದರೂ ನಮಗೆ ಗುರುತು ಸಿಗುತ್ತಾಳೆ.

ಈ ವಾದದಲ್ಲಿ ಹೊರಗಿನ ಸಿನಿಮಾದ ಪರ ನಿಲ್ಲುವವರು, ಅಂದರೆ ಬಹಳಷ್ಟು ಸಲ ನಾನೂ ಸೇರಿ, ಒಂದು ಅನುಕೂಲವನ್ನು ಹೇಳದೆ ಅನುಭವಿಸುತ್ತೇವೆ. ನಮಗೆ ತಲುಪುವ ಜಪಾನೀ ಸಿನಿಮಾ ಚಿತ್ರೋತ್ಸವಗಳು, ವಿಮರ್ಶಕರು, ಫಿಲಂ ಸೊಸೈಟಿಗಳು ಜರಡಿ ಹಿಡಿದು ಕೊಟ್ಟದ್ದು. ಹಾಲಿವುಡ್ ಮಾತ್ರ ಪ್ರತಿ ಶುಕ್ರವಾರ ಹೊಟ್ಟಿನ ಸಮೇತ ಬರುತ್ತದೆ. 1950ರ ದಶಕದ ಕೊನೆಗೆ ಜಪಾನಿನ ಸ್ಟುಡಿಯೋಗಳು ವರ್ಷಕ್ಕೆ ಸುಮಾರು 500 ಚಿತ್ರಗಳನ್ನು ತಯಾರಿಸುತ್ತಿದ್ದವು. 1954ರಲ್ಲಿ ಕುರೊಸಾವಾ ಅವರ ‘ಸೆವೆನ್ ಸಮುರಾಯ್’ ಬಿಡುಗಡೆ ಮಾಡಿದ ತೋಹೊ ಕಂಪನಿಯೇ ಅದೇ ವರ್ಷ ‘ಗಾಡ್ಜಿಲ್ಲಾ’ವನ್ನೂ ಬಿಡುಗಡೆ ಮಾಡಿತು. ಒಜು ದುಡಿದ ಶೋಚಿಕು ಕೂಡ ಟಿಕೆಟ್ ಮಾರಿ ಬದುಕುತ್ತಿದ್ದ ವ್ಯಾಪಾರಿ ಸಂಸ್ಥೆಯೇ. ಆದ್ದರಿಂದ ಅಲ್ಲಿ ಕಲೆ, ಇಲ್ಲಿ ವ್ಯಾಪಾರ ಎಂಬ ಸರಳ ಗೆರೆಯನ್ನು ನಾನು ಒಪ್ಪುವುದಿಲ್ಲ. ಎರಡೂ ಕಡೆ ವ್ಯಾಪಾರವಿತ್ತು. ಒಬ್ಬ ನಿರ್ದೇಶಕ ಇಂಥ ಕಥೆಯನ್ನು ಹೇಳಿದ ಮೇಲೆ ಅವನಿಗೆ ಏನಾಯಿತು ಎಂಬುದರಲ್ಲಿ ವ್ಯತ್ಯಾಸವಿದೆ.

ಮೆಕ್ಯಾರಿ ನಗೆಚಿತ್ರಗಳ ಮನುಷ್ಯ. ಲಾರೆಲ್ ಮತ್ತು ಹಾರ್ಡಿ ಜೋಡಿಯನ್ನು ರೂಪಿಸಿದವರಲ್ಲಿ ಒಬ್ಬರು, ಮಾರ್ಕ್ಸ್ ಸಹೋದರರ ‘ಡಕ್ ಸೂಪ್’ ನಿರ್ದೇಶಿಸಿದವರು. ಆರ್ಥಿಕ ಮಹಾಕುಸಿತದ ಕಾಲದಲ್ಲಿ ಬ್ಯಾಂಕಿಗೆ ಮನೆ ಕಳೆದುಕೊಂಡ ಬಾರ್ಕ್ಲಿ ಮತ್ತು ಲೂಸಿ ಕೂಪರ್ ದಂಪತಿಯ ಕಥೆಗೆ ಅವರು ಕೈಹಾಕಿದಾಗ ಪ್ಯಾರಮೌಂಟ್ ಸ್ಟುಡಿಯೋ ಸುಖಾಂತ್ಯ ಬೇಕೆಂದು ಒತ್ತಾಯಿಸಿತು. ಅವರು ಒಪ್ಪಲಿಲ್ಲ. ಐದು ಮಕ್ಕಳಲ್ಲಿ ಯಾರೊಬ್ಬರೂ ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳುವುದಿಲ್ಲ. ತಾಯಿ ನ್ಯೂಯಾರ್ಕಿನ ಮಗನ ಮನೆಗೆ, ತಂದೆ ನೂರಾರು ಮೈಲಿ ದೂರದ ಮಗಳ ಮನೆಗೆ. ಕೊನೆಗೆ ತಂದೆಯನ್ನು ಕ್ಯಾಲಿಫೋರ್ನಿಯಾದ ರೈಲಿಗೆ ಹತ್ತಿಸಲಾಗುತ್ತದೆ, ತಾಯಿ ವೃದ್ಧಾಶ್ರಮ ಸೇರುತ್ತಾಳೆ, ಅದು ಗಂಡನಿಗೆ ಗೊತ್ತಿಲ್ಲ. ಚಿತ್ರ ಸೋತಿತು, ಪ್ಯಾರಮೌಂಟ್ ಅವರನ್ನು ಹೊರಹಾಕಿತು. ಅದೇ ವರ್ಷ ಬೇರೊಂದು ಸ್ಟುಡಿಯೋದಲ್ಲಿ ತೆಗೆದ ಹಾಸ್ಯಚಿತ್ರ ‘ದಿ ಆಫುಲ್ ಟ್ರೂತ್’ಗೆ ಅತ್ಯುತ್ತಮ ನಿರ್ದೇಶಕನ ಆಸ್ಕರ್ ಬಂದಾಗ, ನೀವು ಬಹುಮಾನವನ್ನು ತಪ್ಪು ಚಿತ್ರಕ್ಕೆ ಕೊಟ್ಟಿದ್ದೀರಿ ಎಂದು ಅವರು ವೇದಿಕೆಯಲ್ಲಿಯೇ ಹೇಳಿದರು. ಹಾಲಿವುಡ್ಡನ್ನು ಒಂದೇ ಮಾತಿನಲ್ಲಿ ತೆಗೆದುಹಾಕುವವರಿಗೆ ನಾನು ಈ ಚಿತ್ರವನ್ನು ನೋಡಲು ಹೇಳುತ್ತೇನೆ, ಏಕೆಂದರೆ ಇಷ್ಟು ನಿರ್ದಾಕ್ಷಿಣ್ಯವಾದ ಅಂತ್ಯ ಯಾವ ದೇಶದ ಸಿನಿಮಾದಲ್ಲಿಯೂ ಅಪರೂಪ.

ಒಜು ಅವರದು ಬೇರೆ ದಾರಿ. ಅವರಿಗೆ ಹಾಲಿವುಡ್ ಪರಕೀಯವಾಗಿರಲಿಲ್ಲ. ಯೌವನದಲ್ಲಿ ಅಮೆರಿಕದ ಚಿತ್ರಗಳನ್ನು ಮುಗಿಬಿದ್ದು ನೋಡಿದವರು, 1933ರ ತಮ್ಮ ‘ವುಮನ್ ಆಫ್ ಟೋಕಿಯೋ’ದಲ್ಲಿ ಒಂದು ಹಾಲಿವುಡ್ ಚಿತ್ರದ ತುಣುಕನ್ನೇ ಸೇರಿಸಿದವರು, ಯುದ್ಧದ ಕಡೆಯ ವರ್ಷಗಳಲ್ಲಿ ಸಿಂಗಪುರದಲ್ಲಿದ್ದಾಗ ಸೇನೆ ವಶಪಡಿಸಿಕೊಂಡಿದ್ದ ಪ್ರಿಂಟುಗಳಲ್ಲಿ ‘ಸಿಟಿಜನ್ ಕೇನ್’ ನೋಡಿದವರು. ಆದರೆ ಶೋಚಿಕುವಿನಲ್ಲಿ ಅವರಿಗೆ ಸಿಕ್ಕಿದ್ದು ಮೆಕ್ಯಾರಿಗೆ ಸಿಗದ ಒಂದು ಸೌಲಭ್ಯ: ಅದೇ ಬರಹಗಾರ ನೋದಾ, ಅದೇ ಛಾಯಾಗ್ರಾಹಕ ಯುಹಾರು ಅತ್ಸುತಾ, ಅದೇ ನಟ ಚಿಶು ರ್ಯೂ, ಮತ್ತು ಮತ್ತೆ ಮತ್ತೆ ಕುಟುಂಬದ ಕಥೆಗೇ ಹಿಂದಿರುಗುವ ಅವಕಾಶ. ಮಗಳ ಮದುವೆ, ಒಂಟಿಯಾಗುವ ತಂದೆ, ಒಡೆಯುವ ಮನೆ ಎಂಬ ಒಂದೇ ಹೊಲವನ್ನು ವರ್ಷವರ್ಷವೂ ಉಳುವವನಿಗೆ ಮಣ್ಣಿನ ಆಳ ತಿಳಿಯುತ್ತದೆ. ‘ಟೋಕಿಯೋ ಸ್ಟೋರಿ’ ಜಪಾನಿನಿಂದ ಹೊರಗೆ ಹೋಗಲು ಮಾತ್ರ ಬಹಳ ಕಾಲ ಹಿಡಿಯಿತು. 1958ರಲ್ಲಿ ಲಂಡನ್ನಿನಲ್ಲಿ ಅದಕ್ಕೆ ಸದರ್ಲೆಂಡ್ ಟ್ರೋಫಿ ಬಂದಿತಾದರೂ ನ್ಯೂಯಾರ್ಕಿನಲ್ಲಿ ಬಿಡುಗಡೆಯಾದದ್ದು 1972ರಲ್ಲಿ, ಒಜು ತೀರಿಕೊಂಡು ಎಂಟು ವರ್ಷ ಕಳೆದ ಮೇಲೆ. 2012ರಲ್ಲಿ ಬ್ರಿಟನ್ನಿನ ಸಿನಿಮಾ ಪತ್ರಿಕೆ ‘ಸೈಟ್ ಅಂಡ್ ಸೌಂಡ್’ ಜಗತ್ತಿನ ನಿರ್ದೇಶಕರ ಮತ ಕೇಳಿದಾಗ ಮೊದಲ ಸ್ಥಾನಕ್ಕೆ ಬಂದದ್ದು ಇದೇ ಚಿತ್ರ.

ಈಗ ಅಭಿನಯದ ಮಾತು, ಏಕೆಂದರೆ ನಮ್ಮ ವಾದ ನಿಜವಾಗಿ ಬಿಸಿಯಾಗುವುದು ಇಲ್ಲಿಯೇ. ಲೂಸಿಯಾಗಿ ನಟಿಸಿದ ಬ್ಯೂಲಾ ಬಾಂಡಿಗೆ ಆಗ ಐವತ್ತು ತುಂಬಿರಲಿಲ್ಲ. ಮಗನ ಪಾತ್ರ ಮಾಡಿದ ಥಾಮಸ್ ಮಿಚೆಲ್ ಆಕೆಗಿಂತ ಕೆಲವೇ ವರ್ಷ ಚಿಕ್ಕವರು. ‘ಟೋಕಿಯೋ ಸ್ಟೋರಿ’ಯ ತಂದೆ ಶುಕಿಚಿಯಾಗಿ ನಟಿಸಿದ ರ್ಯೂಗೆ 49, ಅವರ ಮಗ ಮತ್ತು ಹಿರಿಯ ಮಗಳಾಗಿ ನಟಿಸಿದ ಸೋ ಯಮಮುರಾ, ಹಾರುಕೊ ಸುಗಿಮುರಾ ಕೂಡ ಅವರಿಗಿಂತ ಸ್ವಲ್ಪವೇ ಕಿರಿಯರು. ‘ಸ್ಕೂಲ್ ಮಾಸ್ಟರ್’ ತೆಗೆದು ಮೇಷ್ಟ್ರ ಪಾತ್ರವನ್ನೂ ಮಾಡಿದ ಪಂತುಲು ಅವರಿಗೂ ಆಗ ಐವತ್ತಾಗಿರಲಿಲ್ಲ. ಮೂರು ದೇಶಗಳ ಮೂವರು ನಡುವಯಸ್ಸಿನವರು ಮುಪ್ಪನ್ನು ಕಟ್ಟಿದ ರೀತಿ ಬೇರೆ ಬೇರೆ. ಬಾಂಡಿ ಅದನ್ನು ಕಂಠದಿಂದ ಮತ್ತು ಅಂಜಿಕೆಯಿಂದ ಕಟ್ಟುತ್ತಾರೆ. ರ್ಯೂ ಬೆನ್ನಿನಿಂದ ಮತ್ತು ತಡವಾಗಿ ಬರುವ ಉತ್ತರಗಳಿಂದ. ಪಂತುಲು ರಂಗಭೂಮಿಯಿಂದ ಬಂದವರಾದ್ದರಿಂದ ಮಾತಿನ ಏರಿಳಿತದಲ್ಲಿ ಕಟ್ಟುತ್ತಾರೆ, ಅದರಲ್ಲಿ ಒಬ್ಬ ಮೇಷ್ಟ್ರ ಗತ್ತು ಕಡೆಯವರೆಗೂ ಉಳಿದಿರುತ್ತದೆ.

ಹಾಲಿವುಡ್ ಅಭಿನಯ ಎಲ್ಲವನ್ನೂ ಜೋರಾಗಿ ಹೇಳುತ್ತದೆ, ಹೊರಗಿನವರದು ಒಳಗೇ ಇಟ್ಟುಕೊಳ್ಳುತ್ತದೆ ಎಂದು ನಮ್ಮ ಗೆಳತಿ ವಾದಿಸುತ್ತಾಳೆ. ಹಾಗಿದ್ದರೆ ಮೆಕ್ಯಾರಿ ಚಿತ್ರದ ದೂರವಾಣಿಯ ದೃಶ್ಯವನ್ನು ಏನೆಂದು ವಿವರಿಸುವುದು? ಸೊಸೆ ಮನೆಯಲ್ಲಿ ಬ್ರಿಜ್ ಆಟದ ಪಾಠ ನಡೆಸುತ್ತಿದ್ದಾಳೆ, ಕೋಣೆಯ ತುಂಬ ಶ್ರೀಮಂತ ಅತಿಥಿಗಳು. ಅಷ್ಟರಲ್ಲಿ ಗಂಡನಿಂದ ಕರೆ ಬರುತ್ತದೆ. ದೂರದ ಊರಿಗೆ ಕೇಳಿಸಬೇಕೆಂದು ಲೂಸಿ ಗಟ್ಟಿಯಾಗಿ ಮಾತನಾಡುತ್ತಾಳೆ. ಅತಿಥಿಗಳು ಮೊದಲು ಕಿರಿಕಿರಿಗೊಳ್ಳುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಮೌನವಾಗುತ್ತಾರೆ. ಬಾಂಡಿಯ ಧ್ವನಿ ನಿಜವಾಗಿಯೂ ಜೋರಾಗಿದೆ, ಆದರೆ ಆ ಧ್ವನಿ ಹೇಳುತ್ತಿರುವುದು ಊಟ, ಚಳಿ, ಬೆಚ್ಚಗಿರಿ ಎಂಬಂಥ ಪುಟ್ಟ ಮಾತುಗಳನ್ನು. ಹೇಳಬೇಕಾದ್ದೆಲ್ಲ ಒಳಗೇ ಉಳಿದುಬಿಡುತ್ತದೆ. ಮುಂದೆ ತನ್ನನ್ನು ವೃದ್ಧಾಶ್ರಮಕ್ಕೆ ಕಳಿಸಲು ಮಗ ನಿರ್ಧರಿಸಿದ್ದಾನೆಂದು ತಿಳಿದಾಗ, ಅವನು ಬಾಯಿ ತೆರೆಯುವ ಮೊದಲೇ ತಾನಾಗಿ ಅಲ್ಲಿಗೆ ಹೋಗಲು ಬಯಸುತ್ತೇನೆ ಎಂದು ಹೇಳಿ ಅವನನ್ನು ಆ ಅವಮಾನದಿಂದ ಪಾರುಮಾಡುತ್ತಾಳೆ. ಮಿಚೆಲ್ ಮುಖದಲ್ಲಿ ಆ ಕ್ಷಣ ಕಾಣುವ ಬಿಡುಗಡೆ ಮತ್ತು ನಾಚಿಕೆಗಳ ಬೆರಕೆಯನ್ನು ನೋಡಿದ ಮೇಲೂ ಹಾಲಿವುಡ್ ನಟರಿಗೆ ಸೂಕ್ಷ್ಮ ತಿಳಿಯದು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಇಷ್ಟಾಗಿಯೂ, ಮೂರು ಚಿತ್ರಗಳಲ್ಲಿ ಒಂದೇ ಅಭಿನಯವನ್ನು ಆರಿಸು ಎಂದರೆ ನಾನು ಬಾಂಡಿಯನ್ನಾಗಲಿ ರ್ಯೂ ಅವರನ್ನಾಗಲಿ ಆರಿಸುವುದಿಲ್ಲ. ಒಜು ಚಿತ್ರದಲ್ಲಿ ಸೊಸೆ ನೊರಿಕೊ ಆಗಿ ನಟಿಸಿದ, ಎಲ್ಲರೂ ಕೊಂಡಾಡುವ ಸೆತ್ಸುಕೊ ಹಾರಾ ಅವರನ್ನೂ ಅಲ್ಲ. ನನ್ನ ಆಯ್ಕೆ ಹಾರುಕೊ ಸುಗಿಮುರಾ, ಅಂದರೆ ಯಾರೂ ಪ್ರೀತಿಸದ ಹಿರಿಯ ಮಗಳು ಶಿಗೆ. ಟೋಕಿಯೋದಲ್ಲಿ ಸಣ್ಣ ಬ್ಯೂಟಿ ಪಾರ್ಲರ್ ನಡೆಸುವವಳು. ಅತ್ತೆ ಮಾವನಿಗೆಂದು ಗಂಡ ಒಳ್ಳೆಯ ಸಿಹಿತಿಂಡಿ ತಂದರೆ, ಅವರಿಗೆ ಇಷ್ಟು ದುಬಾರಿಯದು ಯಾಕೆ ಎಂದು ಗದರಿ ತಾನೇ ತಿನ್ನುತ್ತಾಳೆ. ಆ ಮುದುಕರು ಯಾರೆಂದು ಗಿರಾಕಿ ಕೇಳಿದರೆ ಊರ ಕಡೆಯ ಪರಿಚಯದವರು ಎಂದುಬಿಡುತ್ತಾಳೆ. ತಾಯಿಗೆ ಕಾಯಿಲೆ ಜೋರಾಗಿದೆ ಎಂಬ ತಂತಿ ಬಂದಾಗ ಸೂತಕದ ಬಟ್ಟೆ ತೆಗೆದುಕೊಂಡು ಹೋಗಬೇಕೋ ಬೇಡವೋ ಎಂದು ಅಣ್ಣನ ಜೊತೆ ಚರ್ಚಿಸುತ್ತಾಳೆ. ಸತ್ತ ತಾಯಿಯ ಬಳಿ ಕೂತು ಅಳುತ್ತಾಳೆ, ಮತ್ತು ಆ ಅಳು ಸುಳ್ಳಲ್ಲ. ಸಂಸ್ಕಾರ ಮುಗಿದ ಊಟದಲ್ಲಿಯೇ ತಾಯಿಯ ಇಂಥ ಕಿಮೊನೊ, ಇಂಥ ಸೊಂಟಪಟ್ಟಿ ತನಗೆ ನೆನಪಿಗೆ ಬೇಕು ಎಂದು ಕೇಳುತ್ತಾಳೆ, ಆ ಆಸೆಯೂ ಸುಳ್ಳಲ್ಲ.

ಈ ಎರಡನ್ನೂ ಒಂದೇ ಮುಖದಲ್ಲಿ ಇಡುವುದು ಎಷ್ಟು ಕಷ್ಟವೆಂಬುದನ್ನು ನಾನು ಆ ಚಿತ್ರವನ್ನು ನೋಡಿದಾಗಲೆಲ್ಲ ಯೋಚಿಸುತ್ತೇನೆ. ಸುಗಿಮುರಾ ಎಲ್ಲಿಯೂ ಶಿಗೆಯನ್ನು ಖಳನಾಯಕಿಯನ್ನಾಗಿ ಮಾಡುವುದಿಲ್ಲ, ಎಲ್ಲಿಯೂ ಅವಳಿಗಾಗಿ ಕ್ಷಮೆ ಬೇಡುವುದಿಲ್ಲ. ಬೀಸಣಿಗೆ ಬೀಸುವ, ಬಟ್ಟಲು ಎತ್ತಿಡುವ, ಎದ್ದು ಕೂರುವ ಪ್ರತಿ ಚಲನೆಯಲ್ಲಿ ಕೆಲಸದ ಒತ್ತಡದಿಂದ ಒರಟಾದ ಒಬ್ಬ ಹೆಂಗಸಿದ್ದಾಳೆ, ಅವಳಿಗೆ ನಾಳೆ ಬೆಳಿಗ್ಗೆ ಅಂಗಡಿ ತೆರೆಯಬೇಕು. ನಮ್ಮ ಕುಟುಂಬಗಳಲ್ಲಿ, ತಿಥಿ ಮುಗಿಯುವ ಮೊದಲೇ ಬೀರುವಿನ ಬೀಗದ ಕೈ ಯಾರ ಬಳಿ ಇದೆಯೆಂದು ವಿಚಾರಿಸಿದ ಒಬ್ಬ ಅಕ್ಕನೋ ಅತ್ತಿಗೆಯೋ ಎಲ್ಲರಿಗೂ ನೆನಪಾಗುತ್ತಾಳೆ, ಮತ್ತು ಅವಳು ಹಿಂದಿನ ರಾತ್ರಿ ಅತ್ತದ್ದೂ ನೆನಪಾಗುತ್ತದೆ. ಪ್ರಶಸ್ತಿಗಳು, ಅಭಿಮಾನಿಗಳ ಪಟ್ಟಿಗಳು ಯಾವಾಗಲೂ ನೋಯುವವರ ಪಾತ್ರಕ್ಕೆ ಒಲಿಯುತ್ತವೆ, ನೋಯಿಸುವವರ ಪಾತ್ರವನ್ನು ಅದರ ನ್ಯಾಯದೊಂದಿಗೆ ಅಭಿನಯಿಸಿದವರನ್ನು ಮರೆಯುತ್ತವೆ. ಈ ಮರೆವು ಹಾಲಿವುಡ್ಡಿಗೂ ಹೊರಗಿನವರಿಗೂ ಸಮಾನ. ಮೆಕ್ಯಾರಿ ಚಿತ್ರದಲ್ಲಿ ಸೊಸೆಯಾಗಿ ನಟಿಸಿದ ಫೇ ಬೇಂಟರ್ ಅವರಿಗೂ ಇದೇ ಅನ್ಯಾಯವಾಗಿದೆ.

ಮೂರು ಚಿತ್ರಗಳನ್ನು ಪಕ್ಕಪಕ್ಕ ಇಟ್ಟಾಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ ಸಂಗತಿ ಇನ್ನೊಂದಿದೆ. ಮೂರರಲ್ಲಿಯೂ ವೃದ್ಧರಿಗೆ ಕರುಣೆ ಸಿಗುವುದು ರಕ್ತಸಂಬಂಧದ ಹೊರಗೆ. ಮೆಕ್ಯಾರಿಯಲ್ಲಿ, ಕನ್ನಡಕ ಒಡೆದುಕೊಂಡ ಬಾರ್ಕ್ಲಿಗೆ ಹೆಂಡತಿಯ ಪತ್ರವನ್ನು ಓದಿಹೇಳುವವನು ಒಬ್ಬ ಯಹೂದಿ ಅಂಗಡಿಯವನು. ಪತ್ರ ತೀರ ಆಪ್ತವಾಗುತ್ತಿದ್ದಂತೆ ಓದುವುದನ್ನು ನಿಲ್ಲಿಸುತ್ತಾನೆ, ಬಾರ್ಕ್ಲಿ ಹೋದ ಮೇಲೆ ಒಳಗಿದ್ದ ತನ್ನ ಹೆಂಡತಿಯನ್ನು ಸುಮ್ಮನೆ ಒಮ್ಮೆ ನೋಡಬೇಕೆಂದು ಕರೆಯುತ್ತಾನೆ. ಕಡೆಯ ಸಂಜೆ ಆ ದಂಪತಿಯನ್ನು ಆದರಿಸುವವರು ಕಾರು ಮಾರುವವನು, ಹೋಟೆಲಿನ ವ್ಯವಸ್ಥಾಪಕ, ಮತ್ತು ಇವರಿಗೆ ಹೆಜ್ಜೆ ಹಾಕಲು ಬಾರದ ಸಂಗೀತವನ್ನು ನಿಲ್ಲಿಸಿ ಹಳೆಯ ವಾಲ್ಟ್ಜ್ ನುಡಿಸುವ ವಾದ್ಯಗೋಷ್ಠಿಯ ನಾಯಕ. ಒಜುವಿನಲ್ಲಿ ಆ ಸ್ಥಾನ ನೊರಿಕೊಗೆ, ಯುದ್ಧದಲ್ಲಿ ಕಳೆದುಹೋದ ಮಗನ ಹೆಂಡತಿಗೆ. ಆಫೀಸಿಗೆ ರಜೆ ಹಾಕಿ ಅತ್ತೆ ಮಾವನಿಗೆ ಊರು ತೋರಿಸುವವಳು ಅವಳು. ಅತ್ತೆಯ ಗಡಿಯಾರವನ್ನು ಮಾವ ಕೊಡುವುದು ಸ್ವಂತ ಮಗಳಿಗಲ್ಲ, ಇವಳಿಗೆ. ಪಂತುಲು ಅವರಲ್ಲಿ ಆ ಸ್ಥಾನ ಶಿಷ್ಯನಿಗೆ: ಮಕ್ಕಳು ಅಪ್ಪ ಅಮ್ಮನನ್ನು ಹಂಚಿಕೊಂಡು ಬೇರೆಮಾಡಿದಾಗ, ಬೆಳೆದು ಪೊಲೀಸ್ ಅಧಿಕಾರಿಯಾದ ಹಳೆಯ ವಿದ್ಯಾರ್ಥಿ ಮೇಷ್ಟ್ರ ನೆರವಿಗೆ ನಿಲ್ಲುತ್ತಾನೆ. ಆ ಪುಟ್ಟ ಪಾತ್ರದಲ್ಲಿ ಶಿವಾಜಿ ಗಣೇಶನ್ ಇದ್ದಾರೆ.

ಈ ಕಾರಣಕ್ಕಾಗಿಯೇ ನಮ್ಮ ಹಾಲಿವುಡ್ ಗೆಳೆಯ ‘ಸ್ಕೂಲ್ ಮಾಸ್ಟರ್’ ಚಿತ್ರವನ್ನು ಈ ಸಾಲಿಗೆ ಸೇರಿಸಲು ಒಪ್ಪುವುದಿಲ್ಲ. ಮೆಕ್ಯಾರಿ ಕೆಲಸ ಕಳೆದುಕೊಂಡರೂ ಸುಖಾಂತ್ಯ ಕೊಡಲಿಲ್ಲ, ಪಂತುಲು ತಾವಾಗಿಯೇ ಕೊಟ್ಟರು, ಆದ್ದರಿಂದ ಇದು ಕಡಿಮೆ ದರ್ಜೆಯದು ಎಂಬುದು ಅವನ ತರ್ಕ. ಮಾಡಿದ ರೀತಿಯ ಬಗ್ಗೆ ಅವನು ಹೇಳುವುದರಲ್ಲಿ ಕೆಲವನ್ನು ನಾನು ಒಪ್ಪುತ್ತೇನೆ. ಪಂತುಲು ಅವರ ಚಿತ್ರದಲ್ಲಿ ಮಾತು ಹೆಚ್ಚು, ಕಥೆಯ ಪಕ್ಕದಾರಿಗಳು ಹೆಚ್ಚು, ಒಜುವಿನ ಕದಲದ ಕ್ಯಾಮೆರಾ ಕೊಡುವ ವ್ಯವಧಾನ ಅಲ್ಲಿಲ್ಲ. ಎಂ. ವಿ. ರಾಜಮ್ಮ ಅವರ ತಾಯಿಯ ಪಾತ್ರಕ್ಕೆ ಇನ್ನಷ್ಟು ಮೌನದ ದೃಶ್ಯಗಳು ದಕ್ಕಿದ್ದರೆ ಚಿತ್ರ ಎಲ್ಲಿಗೋ ಏರುತ್ತಿತ್ತು, ಏಕೆಂದರೆ ಗಂಡನಿಂದ ಬೇರೆಯಾಗಿ ಮಗನ ಮನೆಯಲ್ಲಿ ದಿನ ದೂಡುವ ಹೆಂಗಸಿನ ಸಂಕಟವನ್ನು ಅವರು ಮಾತಿಲ್ಲದ ಕಡೆಯೇ ಹೆಚ್ಚು ನಿಜವಾಗಿ ತಂದಿದ್ದಾರೆ.

ಆದರೆ ಅಂತ್ಯದ ವಿಚಾರದಲ್ಲಿ ನಾನು ಅವನ ಮಾತಿಗೆ ಸೋಲುವುದಿಲ್ಲ. ಪ್ಯಾರಮೌಂಟ್ ಬೇಡಿದ ಸುಖಾಂತ್ಯ ಮಕ್ಕಳು ಮನಸ್ಸು ಬದಲಿಸಿ ತಂದೆ ತಾಯಿಯನ್ನು ಒಂದುಗೂಡಿಸುವಂಥದ್ದಾಗಿದ್ದಿದ್ದರೆ ಅದು ಚಿತ್ರ ಅಲ್ಲಿಯವರೆಗೆ ಹೇಳಿದ್ದನ್ನೆಲ್ಲ ಅಳಿಸಿಹಾಕುತ್ತಿತ್ತು. ‘ಸ್ಕೂಲ್ ಮಾಸ್ಟರ್’ನಲ್ಲಿ ಶಿಷ್ಯ ಬರುವುದು ಯಾವುದನ್ನೂ ಅಳಿಸುವುದಿಲ್ಲ, ಮಕ್ಕಳು ಮಾಡಿದ್ದು ಹಾಗೆಯೇ ಉಳಿಯುತ್ತದೆ, ಅದರ ಪಕ್ಕದಲ್ಲಿ ಇನ್ನೊಂದು ಋಣ ಬಂದು ನಿಲ್ಲುತ್ತದೆ. ಹಳ್ಳಿಯ ಶಾಲೆಗಳಲ್ಲಿ ಓದಿ, ಮೇಷ್ಟ್ರು ಬಂದರೆ ಇಂದಿಗೂ ಎದ್ದು ನಿಲ್ಲುವ ಜನರಿರುವ ನಾಡಿನಲ್ಲಿ ಆ ಋಣ ಕಥೆಗಾಗಿ ಹೊಸೆದದ್ದಲ್ಲ. ಕರುಣೆ ಎಲ್ಲಿಂದ ಬಂದರೆ ನಂಬುವಂತಿರುತ್ತದೆ ಎಂಬುದನ್ನು ಪ್ರತಿ ನಿರ್ದೇಶಕನೂ ತನ್ನ ಊರಿನಲ್ಲಿ ಹುಡುಕಿಕೊಳ್ಳುತ್ತಾನೆ. ನ್ಯೂಯಾರ್ಕಿನಲ್ಲಿ ಅದು ಒಂದು ಸಂಜೆಯ ಅಪರಿಚಿತರಿಂದ ಬಂದಿತು, ಯುದ್ಧ ಮುಗಿದ ಜಪಾನಿನಲ್ಲಿ ವಿಧವೆ ಸೊಸೆಯಿಂದ ಬಂದಿತು, ಇಲ್ಲಿ ಹಳೆಯ ವಿದ್ಯಾರ್ಥಿಯಿಂದ ಬಂದಿತು. ಗೆಳೆಯ ಇದನ್ನು ಇನ್ನೂ ಒಪ್ಪಿಲ್ಲ. ಶಿವಾಜಿ ಗಣೇಶನ್ ಅವರಂಥ ತಾರೆಯನ್ನು ಆ ಪಾತ್ರಕ್ಕೆ ತಂದದ್ದೇ ಅದು ಬದುಕಿನ ಋಣವಲ್ಲ, ಸಿನಿಮಾದ ಋಣ ಎಂಬುದಕ್ಕೆ ಸಾಕ್ಷಿ ಎನ್ನುತ್ತಾನೆ. ಇದು ಗಟ್ಟಿಯಾದ ಆಕ್ಷೇಪವೇ, ಮತ್ತು ಇದಕ್ಕೆ ಉತ್ತರ ಹೇಳುವ ಮೊದಲು ಚಿತ್ರದ ಕೊನೆಯ ಅರ್ಧ ಗಂಟೆಯನ್ನು ಎಲ್ಲರೂ ಒಟ್ಟಿಗೆ ಕೂತು ಇನ್ನೊಮ್ಮೆ ನೋಡಬೇಕೆಂದು ನಾನು ಹೇಳಿದ್ದೇನೆ.